ಕಾವಲಿಗೆ ನಿಂತವನೇ ಪಾಲಿಗೆ ಕೂತ

ಊರಲ್ಲಿ ನಮ್ಮ ಕೇರಿ ಎಲ್ಲಿರಬೇಕು ಅಂತ ತೀರ್ಮಾನ ಮಾಡಿದವರು ನಾವಲ್ಲ. ಗಾಳಿ ಯಾವ ಕಡೆಯಿಂದ ಬೀಸುತ್ತೆ, ನೀರು ಯಾವ ಕಡೆಗೆ ಹರಿಯುತ್ತೆ ಅಂತ ನೋಡಿಕೊಂಡು, ಒಳ್ಳೆ ಗಾಳಿ ಊರಿಗೆ ಬರಲಿ, ಊರಿನ ಕೊಚ್ಚೆ ಕೇರಿಗೆ ಹೋಗಲಿ ಅಂತ ಗೌಡ ಶಾನುಭೋಗರು ಗೆರೆ ಎಳೆದರು. ಆ ಗೆರೆಗೆ ನಕ್ಷೆ ಇರಲಿಲ್ಲ, ಗೆಜೆಟ್ ಇರಲಿಲ್ಲ, ಸೀಲು ಸಹಿ ಯಾವುದೂ ಇರಲಿಲ್ಲ. ಈಗ ನಗರಕ್ಕೆ ಬಂದಿದ್ದೇವೆ. ಇಲ್ಲಿ ಗೌಡನಿಲ್ಲ, ಶಾನುಭೋಗನಿಲ್ಲ. ಮಾಸ್ಟರ್ ಪ್ಲಾನ್ ಇದೆ, ನಗರಪಾಲಿಕೆ ಇದೆ, ಪ್ರಾಧಿಕಾರ ಇದೆ, ಮಂಡಳಿ ಇದೆ. ಗೆರೆ ಮಾತ್ರ ಅದೇ ಗೆರೆ.

1948ರ ನವೆಂಬರ್ 4ರಂದು ಸಂವಿಧಾನದ ಕರಡನ್ನು ಮಂಡಿಸುತ್ತಾ ಬಾಬಾಸಾಹೇಬರು ಹಳ್ಳಿಯ ಬಗ್ಗೆ ಆಡಿದ ಮಾತು ನಮಗೆಲ್ಲ ಗೊತ್ತು. ಗ್ರಾಮ ಗಣರಾಜ್ಯ ಅಂತ ಭಜನೆ ಮಾಡುವವರ ಎದುರಿಗೇ ನಿಂತು, ಹಳ್ಳಿ ಅಂದರೆ ಅಜ್ಞಾನದ, ಸಣ್ಣ ಬುದ್ಧಿಯ, ಕೋಮುಭಾವನೆಯ ಗುಹೆ ಅನ್ನೋ ಅರ್ಥದ ಮಾತು ಆಡಿದರು. ನಮ್ಮ ಅಪ್ಪ ಅವ್ವಂದಿರು ಆ ಭಾಷಣ ಓದಿರಲಿಲ್ಲ. ಓದದಿದ್ದರೂ ಅದು ಅವರ ಕಾಲಿಗೆ ಗೊತ್ತಿತ್ತು. ಕೋಲಾರದಿಂದ, ಚಿತ್ರದುರ್ಗದಿಂದ, ರಾಯಚೂರು ಕಲಬುರಗಿಯಿಂದ, ಗಡಿಯಾಚೆಯ ತಮಿಳು ತೆಲುಗು ಜಿಲ್ಲೆಗಳಿಂದ ಗಂಟು ಕಟ್ಟಿಕೊಂಡು ಬೆಂಗಳೂರಿಗೆ ಬಂದರು. ಜೀತಕ್ಕಿಂತ ಕೂಲಿ ವಾಸಿ, ಹಟ್ಟಿಗಿಂತ ಗುಡಿಸಲು ವಾಸಿ ಅಂದುಕೊಂಡರು. ನಗರ ಅವರ ದುಡಿಮೆಯನ್ನು ಬೆಳಗಿನ ಜಾವವೇ ಒಳಗೆ ಕರೆದುಕೊಂಡಿತು. ರಾತ್ರಿ ಮಲಗೋದಕ್ಕೆ ಮಾತ್ರ ಹೊರಗೆ ಹೋಗಿ ಅಂತು.

ಈ ಸಲ ನಾವು ಹೇಳಬೇಕಾಗಿರೋದು ಆ 'ಹೊರಗೆ' ಅನ್ನೋ ಜಾಗದ ವಿಚಾರ. ಅಲ್ಲಿ ಮನೆ ಕಟ್ಟುವವರು ಯಾರು, ಕೆಡವುವವರು ಯಾರು, ಕಟ್ಟಿದ್ದನ್ನೂ ಕೆಡವಿದ್ದನ್ನೂ ಸರಿಯಾಗಿದೆಯಾ ಅಂತ ನೋಡಬೇಕಾದವರು ಯಾರು? ನೋಡಬೇಕಾದವರು ನೋಡೋದು ಬಿಟ್ಟು ಏನು ಮಾಡ್ತಿದ್ದಾರೆ?

ಈಜಿಪುರದಿಂದ ಶುರು ಮಾಡೋಣ. ಹಾಸ್ಟೆಲಿನಲ್ಲಿರುವ ನಿಮ್ಮಲ್ಲಿ ಎಷ್ಟೋ ಜನ ಆಗ ಇನ್ನೂ ಅ ಆ ಇ ಈ ತಿದ್ದುತ್ತಿದ್ದ ಮಕ್ಕಳು. ಹಾಗಾಗಿ ಕತೆಯನ್ನು ಮೊದಲಿಂದಲೇ ಹೇಳಬೇಕು.

ಕೋರಮಂಗಲದ ಪಕ್ಕ, ಈಜಿಪುರದಲ್ಲಿ, ನಗರಪಾಲಿಕೆಗೆ ಸೇರಿದ 15 ಎಕರೆಗೂ ಮೇಲ್ಪಟ್ಟ ಜಾಗ. 1980ರ ದಶಕದ ಕೊನೆಯಲ್ಲಿ ಅಲ್ಲಿ ಬಡವರಿಗೆ ಮನೆ ಅಂತ ಯೋಜನೆ ಹಾಕಿದರು. ಒಟ್ಟು 42 ಬ್ಲಾಕು, 1,512 ಮನೆ. ಸರ್ಕಾರದ ಭಾಷೆಯಲ್ಲಿ 'ಆರ್ಥಿಕವಾಗಿ ದುರ್ಬಲ ವರ್ಗದವರ ವಸತಿಗೃಹ', ಜನರ ಬಾಯಲ್ಲಿ ಇ.ಡಬ್ಲ್ಯು.ಎಸ್. ಕ್ವಾರ್ಟರ್ಸು. ಅಲ್ಲಿಗೆ ಬಂದವರು ನಮ್ಮವರು, ಬಡ ಮುಸಲ್ಮಾನರು, ಬಡ ಕ್ರೈಸ್ತರು. ಕೋರಮಂಗಲದ ಮನೆಗಳಲ್ಲಿ ಪಾತ್ರೆ ತಿಕ್ಕುವ ಹೆಂಗಸರು, ಗಾರೆ ಕೆಲಸದವರು, ಬೀದಿ ಗುಡಿಸುವ ಪೌರಕಾರ್ಮಿಕರು, ತಳ್ಳುಗಾಡಿಯವರು.

ಅದರ ಹತ್ತಿರದಲ್ಲೇ, ಕೆಲವೇ ವರ್ಷಗಳ ಅಂತರದಲ್ಲಿ, 1997ರ ರಾಷ್ಟ್ರೀಯ ಕ್ರೀಡಾಕೂಟದ ನೆಪದಲ್ಲಿ ಕರ್ನಾಟಕ ಗೃಹ ಮಂಡಳಿ ಎತ್ತರೆತ್ತರದ ಕಟ್ಟಡಗಳನ್ನು ಎಬ್ಬಿಸಿತು. ನ್ಯಾಷನಲ್ ಗೇಮ್ಸ್ ವಿಲೇಜ್ ಅಂತ ಅದಕ್ಕೆ ಹೆಸರು. ಆಟ ಮುಗಿಯಿತು, ಫ್ಲಾಟುಗಳು ಉಳ್ಳವರ ಪಾಲಾದವು. ಆ ಕಟ್ಟಡಗಳು ಇವತ್ತೂ ನೆಟ್ಟಗೆ ನಿಂತಿವೆ. ನಮ್ಮ ಕ್ವಾರ್ಟರ್ಸು? ಕೆಲವೇ ವರ್ಷಕ್ಕೆ ಬಿರುಕು ಬಿಟ್ಟಿತು, ಸೋರಿತು, ಕಬ್ಬಿಣ ಹೊರಗೆ ಇಣುಕಿತು. 2007ರಲ್ಲಿ ಒಂದು ಬ್ಲಾಕು ಕುಸಿದು ಬಿತ್ತು. ಜನ ಸತ್ತರು.

ಒಂದೇ ನಗರ, ಹೆಚ್ಚು ಕಡಿಮೆ ಅದೇ ಕಾಲ. ಎರಡನ್ನೂ ಕಟ್ಟಿಸಿದ್ದು ಸರ್ಕಾರಿ ಸಂಸ್ಥೆಗಳೇ. ಮರಳು ಬೇರೆ ನದಿಯದಾ? ಸಿಮೆಂಟು ಬೇರೆ ದೇಶದ್ದಾ? ಅಲ್ಲ ಗೆಳೆಯರೇ. ಕಟ್ಟುವಾಗ ನಿಂತು ನೋಡುವ ಕಣ್ಣು ಬೇರೆ. ಸಾಹುಕಾರ ಕೊಳ್ಳುವ ಫ್ಲಾಟಿನ ಗೋಡೆಯನ್ನು ಸಾಹುಕಾರನೇ ಬೆರಳಲ್ಲಿ ತಟ್ಟಿ ನೋಡ್ತಾನೆ. ಬಡವನಿಗೆ ಹಂಚುವ ಮನೆಯನ್ನು ಯಾರು ತಟ್ಟಿ ನೋಡಬೇಕು? ಇಂಜಿನಿಯರ್ ನೋಡಬೇಕು, ಅಳತೆ ಪುಸ್ತಕದಲ್ಲಿ ಬರೆಯಬೇಕು. ಬರೆದದ್ದು ನಿಜವೋ ಸುಳ್ಳೋ ಅಂತ ಮೇಲಿನ ಇಂಜಿನಿಯರ್ ನೋಡಬೇಕು. ಅವರಿಬ್ಬರ ಮೇಲೂ ಜನ ಆರಿಸಿ ಕಳಿಸಿದ ಕೌನ್ಸಿಲ್ಲು ಕಣ್ಣಿಡಬೇಕು. ಇಷ್ಟೊಂದು ಕಣ್ಣು ಇದ್ದೂ 36 ಮನೆಯ ಒಂದು ಬ್ಲಾಕು ಹಪ್ಪಳದಂಗೆ ಮುರಿಯಿತು ಅಂದರೆ, ಕಣ್ಣು ಮುಚ್ಚಿಕೊಂಡಿದ್ದಕ್ಕೂ ಯಾರಿಗೋ ಕೂಲಿ ಸಿಕ್ಕಿರಬೇಕು ಅಂತ ನಾವು ಅನ್ನೋದಾದರೆ ಅದು ತಪ್ಪಾ?

ಕುಸಿದ ಮೇಲೆ ನಡೆದದ್ದು ಇನ್ನೂ ಚೆಂದ. ಉಳಿದ ಬ್ಲಾಕುಗಳೂ ಅಪಾಯ ಅಂತ ಕೆಡವಿದರು. ಹೊಸದು ಕಟ್ಟಿ ಕೊಡುವವರೆಗೆ ಇರಿ ಅಂತ ಜನರನ್ನು ಅದೇ ಜಾಗದಲ್ಲಿ ತಗಡಿನ ಷೆಡ್ಡುಗಳಿಗೆ ತಳ್ಳಿದರು. ಬೇಸಿಗೆಯಲ್ಲಿ ಕಾದ ಹೆಂಚು, ಮಳೆಯಲ್ಲಿ ತಮಟೆ. ಅಲ್ಲೇ ಬಾಣಂತನ ಆಯ್ತು, ಅಲ್ಲೇ ಮಕ್ಕಳು ಎಸ್ಸೆಸ್ಸೆಲ್ಸಿ ಓದಿದವು. ಇತ್ತ ಪಾಲಿಕೆಯವರು ಮನೆ ಕಟ್ಟೋದಕ್ಕೆ ದುಡ್ಡಿಲ್ಲ ಅಂತ ಖಾಸಗಿ ಕಂಪನಿಯೊಂದನ್ನು ಕರೆದರು. 'ಸಾರ್ವಜನಿಕ ಖಾಸಗಿ ಸಹಭಾಗಿತ್ವ'. ಎಷ್ಟು ಮುದ್ದಾದ ಹೆಸರು! ಒಪ್ಪಂದದ ತಿರುಳು ಇಷ್ಟು: ಹೆಚ್ಚುಕಡಿಮೆ ಅರ್ಧ ಜಾಗದಲ್ಲಿ ಕಂಪನಿ ಬಡವರಿಗೆ ಮನೆ ಕಟ್ಟಿ ಕೊಡುತ್ತೆ. ಉಳಿದರ್ಧದಲ್ಲಿ ತನಗೆ ವಾಣಿಜ್ಯ ಕಟ್ಟಡ ಕಟ್ಟಿಕೊಂಡು ಬಾಡಿಗೆ ತಿನ್ನುತ್ತೆ. ಬಡವರ ಹೆಸರಲ್ಲಿದ್ದ ಜಾಗದ ಅರ್ಧವನ್ನು ಕೊಟ್ಟು, ಬಡವರಿಗೇ ಬರಬೇಕಾಗಿದ್ದ ಮನೆಯನ್ನು ಕೊಳ್ಳೋದು. ಸಂತೆಯಲ್ಲಿ ನಮ್ಮ ಎಮ್ಮೆಯನ್ನೇ ಮಾರಿ ಅದರ ಹಾಲನ್ನು ನಮಗೆ ಪುಕ್ಕಟೆ ಕೊಟ್ಟೆ ಅನ್ನೋ ದಲ್ಲಾಳಿಯ ವ್ಯಾಪಾರ ಇದು.

2013ರ ಜನವರಿ ಮೂರನೇ ವಾರ. ಚಳಿ. ಪೊಲೀಸರು ಸುತ್ತುವರಿದರು, ಜೆ.ಸಿ.ಬಿ.ಗಳು ಬಂದವು. ಷೆಡ್ಡುಗಳು ನೆಲಸಮ ಆದವು. ಅಡ್ಡ ಕೂತ ಹೆಂಗಸರನ್ನು ವ್ಯಾನಿಗೆ ಎತ್ತಿ ಹಾಕಿದರು. ಸಾವಿರಾರು ಜನ ಸಾಮಾನು ಸಮೇತ ಫುಟ್‌ಪಾತಿಗೆ ಬಂದರು. ಪಾಠದ ಪುಸ್ತಕ ಇಟ್ಟಿದ್ದ ಟ್ರಂಕು ಮಣ್ಣಲ್ಲಿ, ಪರೀಕ್ಷೆ ಇನ್ನೆರಡು ತಿಂಗಳಲ್ಲಿ. ಕೆಲವರಿಗೆ ದೂರದ ಸರ್ಜಾಪುರ ರಸ್ತೆಯ ಕಡೆ, ಸೂಲಿಕುಂಟೆಯಲ್ಲಿ ಮನೆ ತೋರಿಸಿದರು. ಕೋರಮಂಗಲದಲ್ಲಿ ಬೆಳಿಗ್ಗೆ ಆರಕ್ಕೆ ಪಾತ್ರೆಗೆ ಕೈ ಹಾಕಬೇಕಾದವಳು ಸೂಲಿಕುಂಟೆಯಿಂದ ಎಷ್ಟೊತ್ತಿಗೆ ಏಳಬೇಕು, ಯಾವ ಬಸ್ಸು ಹತ್ತಬೇಕು, ಬಸ್ಸಿಗೇ ಎಷ್ಟು ಸುರಿಯಬೇಕು? ಈ ಲೆಕ್ಕ ಪಾಲಿಕೆಯ ಯಾವ ಕಡತದಲ್ಲೂ ಬರೋದಿಲ್ಲ. ಬಸ್ ಚಾರ್ಜು ಹೊಟ್ಟೆಯ ಲೆಕ್ಕ. ಕಡತದಲ್ಲಿ ಇರೋದು ಚದರಡಿಯ ಲೆಕ್ಕ.

2023ರ ಜನವರಿಗೆ ಹತ್ತು ವರ್ಷ ತುಂಬಿತು. ಅಷ್ಟು ಹೊತ್ತಿಗೂ ಆ ಜಾಗದಲ್ಲಿ ಹೊಸ ಮನೆಯ ಬೀಗದ ಕೈಯನ್ನು ಯಾವ ಕುಟುಂಬವೂ ಕಂಡಿರಲಿಲ್ಲ.

ಇದರೊಳಗೆ ಇನ್ನೊಂದು ಕೈಚಳಕ ಇದೆ, ಅದನ್ನು ಚೆನ್ನಾಗಿ ತಿಳಿದುಕೊಳ್ಳಬೇಕು. ಮುಂದೆ ನಿಮ್ಮ ಊರಿನ ನಗರಸಭೆಯಲ್ಲೂ ಇದೇ ಆಗುತ್ತೆ. ಮೂಲ ಹಂಚಿಕೆದಾರರು ಬೇರೆ, ಈಗ ಇರುವವರು ಬೇರೆ ಅಂತ ಪಾಲಿಕೆ ವಾದ ಹೂಡಿತು. ಮನೆ ಹಂಚಿಕೆಯಾಗಿ ಇಪ್ಪತ್ತು ವರ್ಷ ಆಗಿತ್ತು. ಕೆಲವರು ಮಗಳ ಮದುವೆಗೆ, ಕೆಲವರು ಆಸ್ಪತ್ರೆ ಸಾಲಕ್ಕೆ ಮಾರಿಕೊಂಡಿದ್ದರು. ಕೆಲವರು ಬಾಡಿಗೆಗೆ ಕೊಟ್ಟಿದ್ದರು. ಕೊಂಡವನೂ ಬಡವ, ಬಾಡಿಗೆಗೆ ಇದ್ದವಳೂ ಬಡವಿ. ಪಾಲಿಕೆ ಏನಂತು? ಪಟ್ಟಿಯಲ್ಲಿ ಹೆಸರಿರುವವನಿಗೆ ಮಾತ್ರ ಮನೆ, ಷೆಡ್ಡಿನಲ್ಲಿ ಬೇಯುತ್ತಿರುವವರು ಅಕ್ರಮ ವಾಸಿಗಳು. ಹಿಂಗೆ ಅಂದ ತಕ್ಷಣ ಒಂದು ಕೇರಿ ಎರಡು ಹೋಳಾಯ್ತು. ಪಟ್ಟಿಯವರು ಪಾಲಿಕೆಯ ಜೊತೆ ಸೇರಿ ಷೆಡ್ಡು ತೆಗೆಸಿ ಅಂದರು, ಷೆಡ್ಡಿನವರು ಪಟ್ಟಿಯವರನ್ನು ಶಾಪ ಹಾಕಿದರು. ಹೊಲೆಯ ಮಾದಿಗ ಅಂತ ನಮ್ಮನ್ನು ಒಡೆದು ಆಳಿದ ಊರಿನ ಯಜಮಾನನಿಗೂ ಇಷ್ಟು ಚೆನ್ನಾಗಿ ಕತ್ತರಿ ಆಡಿಸೋಕೆ ಬರುತ್ತಿರಲಿಲ್ಲ. ಪಟ್ಟಿ ಮಾಡಿದ್ದು ಯಾರು? ಪಾಲಿಕೆ. ಇಪ್ಪತ್ತು ವರ್ಷ ಪಟ್ಟಿಯನ್ನು ಪರಿಷ್ಕರಿಸದೆ ಧೂಳು ತಿನ್ನಿಸಿದ್ದು ಯಾರು? ಪಾಲಿಕೆ. ಆ ಧೂಳನ್ನೇ ನಮ್ಮ ಕಣ್ಣಿಗೆ ಎರಚಿದ್ದು ಯಾರು?

ಈಗ ವೇಷಗಳನ್ನು ಎಣಿಸಿ. ಜಾಗದ ಒಡೆಯ ಪಾಲಿಕೆ. ಮನೆ ಹಂಚಿದ್ದು ಪಾಲಿಕೆ. ಕಟ್ಟಡ ಗಟ್ಟಿಯಾಗಿದೆಯಾ ಅಂತ ನೋಡಬೇಕಾದ್ದು ಪಾಲಿಕೆ. ಕಂಪನಿಯ ಜೊತೆ ಪಾಲುದಾರ ಆದದ್ದು ಪಾಲಿಕೆ. ಪೊಲೀಸರನ್ನು ಕರೆಸಿ ಎತ್ತಂಗಡಿ ಮಾಡಿಸಿದ್ದೂ ಪಾಲಿಕೆ. ಅನ್ಯಾಯ ಆಯ್ತು ಸ್ವಾಮಿ ಅಂತ ಅರ್ಜಿ ಹಿಡಿದು ಹೋಗಬೇಕಾದ ಬಾಗಿಲೂ ಅದೇ ಪಾಲಿಕೆಯದು! ಬಯಲಾಟದಲ್ಲಿ ಒಬ್ಬನೇ ರಾಮ, ಒಬ್ಬನೇ ರಾವಣ, ಒಬ್ಬನೇ ಭಾಗವತ ಆದರೆ ಆಟ ನಡೆಯೋದಿಲ್ಲ. ಪಾಲಿಕೆಯ ಆಟ ಮಾತ್ರ ಬೆಳಗಿನವರೆಗೂ ನಡೆಯುತ್ತೆ, ಯಾಕಂದರೆ ನೋಡುವವರು ಬೀದಿಯಲ್ಲಿದ್ದಾರೆ.

ಪಾಲಿಕೆ ಒಂದು ಸುಳ್ಳನ್ನು ಬಹಳ ಗಂಭೀರವಾಗಿ ಹೇಳುತ್ತೆ: ಅಕ್ರಮವನ್ನು ಸಹಿಸೋಕೆ ಆಗೋದಿಲ್ಲ, ಕಾನೂನು ಎಲ್ಲರಿಗೂ ಒಂದೇ. ಒಂದೇನಾ? ಎ.ಟಿ. ರಾಮಸ್ವಾಮಿ ಅವರ ಅಧ್ಯಕ್ಷತೆಯ ಸದನ ಸಮಿತಿ 2007ರ ಹೊತ್ತಿಗೆ ಬೆಂಗಳೂರು ನಗರ ಜಿಲ್ಲೆಯಲ್ಲಿ ಸಾವಿರಾರು ಎಕರೆ ಸರ್ಕಾರಿ ಭೂಮಿ ಒತ್ತುವರಿಯಾಗಿದೆ ಅಂತ ವರದಿ ಕೊಟ್ಟಿತು. 2011ರಲ್ಲಿ ವಿ. ಬಾಲಸುಬ್ರಮಣಿಯನ್ ಅವರ ಕಾರ್ಯಪಡೆಯೂ ಅದನ್ನೇ ಇನ್ನಷ್ಟು ಬಿಡಿಸಿ ಬರೆಯಿತು. ಕೆರೆ ನುಂಗಿದವರು, ಗೋಮಾಳ ನುಂಗಿದವರು, ರಾಜಕಾಲುವೆ ನುಂಗಿದವರು. ಅವರ ಮನೆ ಮುಂದೆ ಎಷ್ಟು ಜೆ.ಸಿ.ಬಿ. ನಿಂತವು? ನಕ್ಷೆ ಮೀರಿ ಕಟ್ಟಿದ ಶ್ರೀಮಂತರಿಗೆ ದಂಡ ಕಟ್ಟಿ ಸರಿ ಮಾಡಿಕೊಳ್ಳಿ ಅಂತ ಒಂದು ಯೋಜನೆಯನ್ನೇ ಮಾಡಿದರು, ಹೆಸರು 'ಅಕ್ರಮ ಸಕ್ರಮ'. ವಾಸದ ಕಟ್ಟಡವಾದರೆ ಅರ್ಧದಷ್ಟು ಉಲ್ಲಂಘನೆಯವರೆಗೂ ಮಾಫಿ. 2017ರ ಜನವರಿಯಲ್ಲಿ ಸುಪ್ರೀಂ ಕೋರ್ಟು ತಡೆ ಕೊಡುವವರೆಗೂ ಅರ್ಜಿ ಹಿಡಿದು ಸಾಲುಗಟ್ಟಿದ್ದರು. ಉಳ್ಳವನು ಮೀರಿದರೆ ಅದು ಸಕ್ರಮ ಆಗಬಹುದಾದ ಅಕ್ರಮ. ಇಲ್ಲದವನು ಕಂಬಳಿ ಹಾಸಿದರೆ ಅದು ಒತ್ತುವರಿ. ಮನುವಿನ ಕಾಲದಲ್ಲಿ ಒಂದೇ ತಪ್ಪಿಗೆ ಜಾತಿಗೊಂದು ಶಿಕ್ಷೆ ಇತ್ತು. ಈಗ ಕಟ್ಟಡ ಉಪವಿಧಿಯಲ್ಲಿದೆ.

ಹೊರವಲಯದ ಕಡೆಗೆ ಬರೋಣ. 2007ರಲ್ಲಿ ಬೆಂಗಳೂರಿನ ಸುತ್ತ ಇದ್ದ ಏಳು ನಗರಸಭೆಗಳನ್ನು, ಕೆಂಗೇರಿ ಪುರಸಭೆಯನ್ನು ಮತ್ತು ನೂರಕ್ಕೂ ಹೆಚ್ಚು ಹಳ್ಳಿಗಳನ್ನು ಸೇರಿಸಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಅಂತ ಮಾಡಿದರು. ಯಲಹಂಕ, ಬ್ಯಾಟರಾಯನಪುರ, ದಾಸರಹಳ್ಳಿ, ರಾಜರಾಜೇಶ್ವರಿನಗರ, ಬೊಮ್ಮನಹಳ್ಳಿ, ಕೃಷ್ಣರಾಜಪುರ, ಮಹದೇವಪುರ. ಹೆಸರು ಕೇಳಿದರೆ ಹಳ್ಳಿ, ಹೋಗಿ ನೋಡಿದರೆ ಗಾಜಿನ ಗೋಡೆ. ಆ ಗಾಜಿನ ಗೋಡೆಯ ಹಿಂಭಾಗದಲ್ಲಿ, ಅದನ್ನು ಕಟ್ಟಿದವರು, ಒರೆಸುವವರು, ಅದರ ಕಕ್ಕಸು ತೊಳೆಯುವವರು ನೀಲಿ ಟಾರ್ಪಾಲಿನ ಕೆಳಗೆ ಇದ್ದಾರೆ.

2020ರ ಜನವರಿಯಲ್ಲಿ ಮಹದೇವಪುರ ವಲಯದ ಕರಿಯಮ್ಮನ ಅಗ್ರಹಾರದಲ್ಲಿ ಇಂಥ ಷೆಡ್ಡುಗಳನ್ನು ಒಡೆದು ಹಾಕಿದರು. ಇವರೆಲ್ಲ ಬಾಂಗ್ಲಾದೇಶದವರು ಅಂತ ಗುಲ್ಲೆಬ್ಬಿಸಿದರು. ಬಿದ್ದ ತಗಡಿನ ಕೆಳಗಿಂದ ಆಧಾರ್ ಕಾರ್ಡು, ಮತದಾರರ ಚೀಟಿ ಎತ್ತಿ ತೋರಿಸಿದವರಲ್ಲಿ ನಮ್ಮ ಉತ್ತರ ಕರ್ನಾಟಕದವರೂ ಇದ್ದರು. ತೆರವಿಗೆ ಆಧಾರ ಏನು ಅಂತ ನೋಡಿದರೆ, ಪಾಲಿಕೆಯ ಒಬ್ಬ ಇಂಜಿನಿಯರ್ ಪೊಲೀಸರಿಗೆ ಬರೆದ ಪತ್ರ! ಕೌನ್ಸಿಲ್ಲಿನ ನಿರ್ಣಯ ಇಲ್ಲ, ಸರ್ವೆ ಇಲ್ಲ. ಹೈಕೋರ್ಟು ಇದು ಕಾನೂನುಬಾಹಿರ ಅಂತು. ಕೋರ್ಟು ಅಂದಿದ್ದು ಒಳ್ಳೇದೇ. ಆದರೆ ಕೋರ್ಟಿನ ಆದೇಶದ ಪ್ರತಿಯನ್ನು ಹೊದ್ದುಕೊಂಡು ಯಾರೂ ಮಲಗೋದಕ್ಕಾಗಲ್ಲ.

ಕೋರ್ಟುಗಳ ಮಾತು ಬಂದಿದ್ದರಿಂದ ಒಂದೆರಡು ಹೇಳಿ ಮುಂದೆ ಹೋಗೋಣ. 1985ರಲ್ಲಿ ಓಲ್ಗಾ ಟೆಲ್ಲಿಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಜೀವಿಸುವ ಹಕ್ಕಿನಲ್ಲಿ ಜೀವನೋಪಾಯದ ಹಕ್ಕೂ ಸೇರಿದೆ ಅಂತು. ನಮ್ಮವರು ಇದನ್ನು ಭಾಷಣದಲ್ಲಿ ಹೇಳಿ ಚಪ್ಪಾಳೆ ತಗೊಳ್ತಾರೆ. ಅದೇ ತೀರ್ಪು ನೋಟೀಸು ಕೊಟ್ಟು, ಮಾತು ಕೇಳಿ, ಮಳೆಗಾಲ ಕಳೆದ ಮೇಲೆ ಎಬ್ಬಿಸಬಹುದು ಅಂತಲೂ ಹೇಳಿದೆ ಅನ್ನೋದನ್ನು ಬಿಟ್ಟುಬಿಡ್ತಾರೆ. 2024ರ ನವೆಂಬರ್ 13ರ ಬುಲ್ಡೋಜರ್ ತೀರ್ಪೂ ಅಷ್ಟೇ. ಹದಿನೈದು ದಿನದ ನೋಟೀಸು ಕೊಡದೆ ಕೆಡವಬೇಡಿ ಅಂದ ಕೋರ್ಟು, ರಸ್ತೆ, ಫುಟ್‌ಪಾತು, ರೈಲು ಹಳಿಯ ಬದಿ, ನದಿ ಕೆರೆಯ ಜಾಗದ ಅನಧಿಕೃತ ಕಟ್ಟಡಕ್ಕೆ ಇದು ಅನ್ವಯಿಸಲ್ಲ ಅಂತಲೂ ಅಂದಿದೆ. ನಮ್ಮ ಜನ ಇರೋದೇ ಹಳಿ ಪಕ್ಕ, ಮೋರಿ ಪಕ್ಕ, ಕೆರೆ ಅಂಗಳದಲ್ಲಿ. ಅಲ್ಲಿ ಬಿಟ್ಟು ಬೇರೆಲ್ಲಿ ಬಿಟ್ಟಿದ್ದಾರೆ ನಮ್ಮನ್ನು?

ಇನ್ನು ಒಪ್ಪಿಗೆಯ ಪ್ರಶ್ನೆ. 2013ರ ಭೂಸ್ವಾಧೀನ ಕಾಯ್ದೆಯ ಪ್ರಕಾರ ಖಾಸಗಿ ಕಂಪನಿಗೆ ಜಮೀನು ಬೇಕಾದರೆ ಬಾಧಿತರಲ್ಲಿ ಶೇ. 80 ಮಂದಿ, ಸಹಭಾಗಿತ್ವದ ಯೋಜನೆಗಾದರೆ ಶೇ. 70 ಮಂದಿ ಒಪ್ಪಬೇಕು. ಸರಿ. ಸರ್ಕಾರಿ ನೆಲದ ಮೇಲಿನ ಕೊಳಗೇರಿಯನ್ನು ಕಂಪನಿಗೆ ಕೊಡುವಾಗ ಶೇಕಡಾ ಎಷ್ಟು ಮಂದಿ ಒಪ್ಪಬೇಕು? ಅಲ್ಲಿ ಯಾರ ಜಮೀನನ್ನೂ ಸ್ವಾಧೀನ ಮಾಡ್ಕೊಳ್ತಿಲ್ಲವಲ್ಲ, ಒಪ್ಪಿಗೆ ಯಾತಕ್ಕೆ ಅಂತಾರೆ. ಮೂವತ್ತು ವರ್ಷದ ಬದುಕು ಅಲ್ಲಿದ್ದರೂ ಜಮೀನಿಗೆ ಪಹಣಿ ಇಲ್ಲ, ಆದ್ದರಿಂದ ಮನುಷ್ಯರಿಗೂ ಲೆಕ್ಕ ಇಲ್ಲ. 2016ರ ರೇರಾ ಕಾಯ್ದೆ ನೋಡಿ. ಫ್ಲಾಟು ಕೊಂಡವನ ಗೋಡೆ ಐದು ವರ್ಷದೊಳಗೆ ಬಿರುಕು ಬಿಟ್ಟರೆ ಬಿಲ್ಡರು ಸ್ವಂತ ಖರ್ಚಲ್ಲಿ ಸರಿ ಮಾಡಿ ಕೊಡಬೇಕು. ಆ ಕಾಯ್ದೆ ಮಾಡಿದ್ದೇ ಕೊಳ್ಳುವವನ ಸಲುವಾಗಿ. ಈಜಿಪುರದಂಥ ಹಂಚಿಕೆ ಮನೆಯ ಬಿರುಕನ್ನು ತೋರಿಸಿದರೆ, ಬಿಟ್ಟಿ ಮನೆಗೆ ಇಷ್ಟೊಂದು ದೌಲತ್ತಾ ಅಂತ ಕೇಳ್ತಾರೆ.

2015ರಲ್ಲಿ ಶುರುವಾದ ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಕೊಳಗೇರಿ ಪುನರಭಿವೃದ್ಧಿಗೆ ಜಮೀನನ್ನೇ ಸಂಪನ್ಮೂಲ ಮಾಡಿಕೊಳ್ಳಿ, ಖಾಸಗಿಯವರನ್ನು ಕರೆಯಿರಿ ಅಂತ ಬರೆದರು. ಅಂದರೆ ಈಜಿಪುರದ ವ್ಯಾಪಾರವನ್ನೇ ದೇಶದ ನೀತಿ ಮಾಡಿದರು. ಹಿಂದೊಮ್ಮೆ 1976ರ ನಗರ ಭೂಮಿತಿ ಕಾಯ್ದೆ ಇತ್ತು, ಉಳ್ಳವರ ಹೆಚ್ಚುವರಿ ನಿವೇಶನ ತಗೊಂಡು ಬಡವರಿಗೆ ಅಂತ. ಸಾವಿರ ತೂತುಗಳಿದ್ದರೂ ದಿಕ್ಕು ಸರಿ ಇತ್ತು. 1999ರಲ್ಲಿ ಅದನ್ನು ಕಿತ್ತು ಹಾಕಿದರು. ಆಗ ಶ್ರೀಮಂತರ ಹೆಚ್ಚುವರಿ ಜಮೀನು ಸಂಪನ್ಮೂಲ ಆಗಿತ್ತು, ಈಗ ಬಡವರ ಕಾಲ ಕೆಳಗಿನ ಜಮೀನು.

ಹಾಗಾದರೆ ಕಾವಲು ಯಾರು? ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಂದು ಜಾರಿಗೆ ಬಂತು. ಕೊಳಗೇರಿ ಸುಧಾರಣೆ, ನಗರದ ಬಡತನ ನಿವಾರಣೆ, ಭೂ ಬಳಕೆಯ ನಿಯಂತ್ರಣ ಇವೆಲ್ಲ ನಗರಾಡಳಿತ ಸಂಸ್ಥೆಗಳ ಕೆಲಸ ಅಂತ ಹನ್ನೆರಡನೇ ಅನುಸೂಚಿಯಲ್ಲಿ ಬರೆದಿದೆ. ಕೌನ್ಸಿಲ್ಲಿನಲ್ಲಿ ನಮಗೆ ಜನಸಂಖ್ಯೆಗೆ ತಕ್ಕ ಮೀಸಲು ಸ್ಥಾನ ಅಂತಲೂ ಬರೆದಿದೆ. ಬೆಂಗಳೂರಿನ ಕೌನ್ಸಿಲ್ಲಿನ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಇಲ್ಲದೆ ಅಧಿಕಾರಿಗಳು ಆಳಿದರು. ವಾರ್ಡಿನ ಲೆಕ್ಕ ಬದಲಾಯಿತು, ಕಾಯ್ದೆ ಬದಲಾಯಿತು. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಐದಾಯಿತು. ಅದರ ಮೇಲೆ ಮುಖ್ಯಮಂತ್ರಿಯೇ ಅಧ್ಯಕ್ಷರಾಗಿರುವ ಪ್ರಾಧಿಕಾರ ಕೂತಿತು. ಆ ಐದು ವರ್ಷ ಮೀಸಲಾತಿ ಎಲ್ಲಿ ಹೋಯ್ತು? ಕುರ್ಚಿಗೆ ಮೀಸಲಾತಿ ಇತ್ತು, ಕುರ್ಚಿಯೇ ಇರಲಿಲ್ಲ. ದಲಿತ ಕೌನ್ಸಿಲರ್ ಇಲ್ಲದ ಮನೆಯಲ್ಲಿ ದಲಿತರ ಗುಡಿಸಲಿನ ಕಡತಕ್ಕೆ ಸಹಿ ಬಿತ್ತು. ಪ್ರಶ್ನೆ ಕೇಳುವ ಬಾಯಿ ಕೂಡ ಇಲ್ಲ.

ವಾರ್ಡ್ ಸಮಿತಿ ಅಂತ ಒಂದಿತ್ತು. ಹತ್ತು ಜನ ಸದಸ್ಯರಲ್ಲಿ ಪರಿಶಿಷ್ಟರಿಗೆ ಇಬ್ಬರು, ಮಹಿಳೆಯರಿಗೆ ಮೂವರು, ನಿವಾಸಿ ಸಂಘಗಳಿಗೆ ಇಬ್ಬರು. ನಿವಾಸಿ ಸಂಘ ಅಂದ್ರೆ ಅಪಾರ್ಟ್‌ಮೆಂಟಿನವರು. ಕೊಳಗೇರಿಯಲ್ಲಿ ಇರುವವರು ನಿವಾಸಿಗಳಲ್ಲವಂತೆ, ಬರೀ 'ಫಲಾನುಭವಿ'ಗಳಂತೆ.

ಕೌನ್ಸಿಲರ್ ಇದ್ದಾಗ ಸ್ವರ್ಗ ಇತ್ತು ಅಂತಲೂ ನಾವು ಹೇಳೋದಿಲ್ಲ. ಮೀಸಲು ಸ್ಥಾನದಿಂದ ಗೆದ್ದು ಹೋದ ನಮ್ಮವರೇ ಕಂಟ್ರಾಕ್ಟರನ ಕಾರಿನಲ್ಲಿ ಕೂತು ಬಂದದ್ದನ್ನು ಕೇರಿಯ ಜನ ನೋಡಿದ್ದಾರೆ. ಹಂಚಿಕೆ ಪಟ್ಟಿಗೆ ಹೆಸರು ಸೇರಿಸೋದಕ್ಕೆ ವಸೂಲಿ ಮಾಡಿದವರಲ್ಲಿ ನೀಲಿ ಶಾಲು ಹಾಕಿಕೊಂಡವರೂ ಇದ್ದಾರೆ. ಇವರಿಗಿಂತ ಆ ಅಧಿಕಾರಿಯೇ ವಾಸಿ ಅನ್ನೋರೂ ನಮ್ಮಲ್ಲಿ ಇದ್ದಾರೆ. ಅದು ತಪ್ಪು. ಕೌನ್ಸಿಲರನ ಮನೆ ಬಾಗಿಲಿಗೆ ಹೋಗಿ ಘೇರಾವ್ ಮಾಡಬಹುದು, ಮುಂದಿನ ಸಲ ಸೋಲಿಸಬಹುದು. ಆಡಳಿತಾಧಿಕಾರಿ ವರ್ಗ ಆಗಿ ಹೋದರೆ ಅವನ ಹೆಸರೂ ನಮಗೆ ನೆನಪಿರಲ್ಲ.

ಪುರಸಭೆ, ನಗರಸಭೆ ಅನ್ನೋದು ಮೋರಿ ದೀಪದ ಸಣ್ಣ ರಾಜಕೀಯ, ಅದರಲ್ಲೇನಿದೆ ಅಂತ ಮೂಗು ಮುರಿಯುವ ಕ್ರಾಂತಿಕಾರಿ ಗೆಳೆಯರಿಗೆ ಒಂದು ಮಾತು. ಬಿ. ಬಸವಲಿಂಗಪ್ಪನವರು ದೇವರಾಜ ಅರಸರ ಸಂಪುಟದಲ್ಲಿ ಪೌರಾಡಳಿತ ನೋಡಿಕೊಳ್ಳುತ್ತಿದ್ದಾಗ ತಲೆಯ ಮೇಲೆ ಮಲ ಹೊರುವುದನ್ನು ನಿಷೇಧ ಮಾಡಿದರು. ನಗರಸಭೆಯ ಆ ಸಣ್ಣ ರಾಜಕೀಯದಿಂದ ಎಷ್ಟು ಜನರ ತಲೆಯ ಮೇಲಿನ ಡಬ್ಬ ಇಳಿಯಿತು! 1973ರ ನವೆಂಬರಿನಲ್ಲಿ ಮೈಸೂರಿನಲ್ಲಿ ಅವರು ಬೂಸಾ ಅಂದ ಒಂದು ಮಾತಿಗೆ ರಾಜ್ಯವೇ ಹತ್ತಿ ಉರಿಯಿತು, ಹಾಸ್ಟೆಲುಗಳಿಗೆ ನುಗ್ಗಿ ನಮ್ಮ ಹುಡುಗರನ್ನು ಹೊಡೆದರು, ಅವರ ಮಂತ್ರಿಗಿರಿ ಹೋಯಿತು. ಸಾಹಿತ್ಯಕ್ಕಾದ ಅವಮಾನ ಅಷ್ಟು ದೊಡ್ಡದಾ, ಅಥವಾ ಡಬ್ಬ ಇಳಿಸಿದ್ದೇ ಹೊಟ್ಟೆಯಲ್ಲಿ ಉರಿದಿತ್ತಾ? ನಮಗೆ ಮೊದಲಿಂದಲೂ ಈ ಅನುಮಾನ ಇದೆ.

ದುಡ್ಡಿಲ್ಲ ಅನ್ನೋ ಮಾತಿಗೂ ಉತ್ತರ ಇದೆ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ಪರಿಶಿಷ್ಟರ ಅಭಿವೃದ್ಧಿಗೆ ಹಣ ತೆಗೆದಿಡಬೇಕು. ಮೊದಲು ಶೇ. 18 ಇತ್ತು, ಆಮೇಲೆ ಶೇ. 22.75 ಆಯ್ತು, ನಂತರ ಶೇ. 24.10. ಈ ದುಡ್ಡು ಏನಾಗುತ್ತೆ? ಕೇರಿ ಕಡೆಗೆ ತಿರುಗುವ ರಸ್ತೆಯ ಆರಂಭದಲ್ಲಿ ಒಂದು ಕಮಾನು ನಿಲ್ಲುತ್ತೆ. ಅದೇ ರಸ್ತೆ ಬಡಾವಣೆಗೂ ಹೋಗುತ್ತಾದ್ದರಿಂದ ಡಾಂಬರು ಅಲ್ಲಿವರೆಗೂ ಹೋಗಿ, ಕೇರಿಯ ತಿರುವಿನಲ್ಲಿ ನಿಂತುಹೋಗುತ್ತೆ. ಬಿಲ್ಲಿನಲ್ಲಿ ಮಾತ್ರ ಪೂರ್ತಿ ಕೇರಿಗೇ ಬರೆದಿರುತ್ತೆ. ರಾಜ್ಯದ ಮಟ್ಟದಲ್ಲೂ ಇದೇ ಜಾಣತನ ನಡೆದಿತ್ತು. 2013ರ ಉಪಯೋಜನೆ ಕಾಯ್ದೆಯ ಸೆಕ್ಷನ್ 7(ಡಿ) ಇಟ್ಟುಕೊಂಡು, ಎಲ್ಲರಿಗೂ ಆಗುವ ರಸ್ತೆ ಸೇತುವೆಯಲ್ಲಿ ನಮ್ಮ ಪಾಲೂ ಇದೆ ಅಂತ ನಮ್ಮ ಹಣವನ್ನು ಲೆಕ್ಕ ಹಾಕಿ ಮುಗಿಸುತ್ತಿದ್ದರು. ಹೋರಾಟ ಮಾಡಿದ್ದಕ್ಕೆ 2023ರಲ್ಲಿ ಅದು ರದ್ದಾಯಿತು. ಅದು ರದ್ದಾದ ಮೇಲೂ ಅದೇ ಹಣದಿಂದ ಗ್ಯಾರಂಟಿ ಯೋಜನೆಗಳಿಗೆ ಸಾವಿರಾರು ಕೋಟಿ ಹೋಯಿತು. ಮುಂಬಾಗಿಲು ಮುಚ್ಚಿದರೆ ಹಿತ್ತಲ ಬಾಗಿಲು.

ಹಾಸ್ಟೆಲಿನ ಗೆಳೆಯರೇ, ಗೆಳತಿಯರೇ, ಇದು ನಿಮಗೆ ಯಾಕೆ? ನೀವು ಓದಿ ಮುಗಿಸಿ ಕೆಲಸ ಹುಡುಕಿಕೊಂಡು ಹೊರಡುವ ದಿನ ಹಾಸ್ಟೆಲಿನ ಮಂಚ ಬಿಡಬೇಕು. ಆಮೇಲೆ ಎಲ್ಲಿಗೆ? ಬಾಡಿಗೆ ಮನೆ ಕೇಳಿದರೆ ಮೊದಲು ಹೆಸರು ಕೇಳ್ತಾರೆ, ಆಮೇಲೆ ಊರು, ಆಮೇಲೆ ಮಾಂಸ ತಿಂತೀರಾ ಅಂತಾರೆ. ಕೊನೆಗೆ ಮನೆ ಈಗಷ್ಟೇ ಹೋಯ್ತಲ್ಲಪ್ಪಾ ಅಂತಾರೆ. ಡಿಗ್ರಿ ಇರುವ ದಲಿತನಿಗೂ ನಗರದಲ್ಲಿ ಕೊನೆಗೆ ಬಾಗಿಲು ತೆಗೆಯೋದು ಆ ಕೊಳಗೇರಿಯ ಅಕ್ಕನೇ.

ಆದ್ದರಿಂದ ಈ ರಜೆಯಲ್ಲಿ ಮಾಡಬೇಕಾದ ಕೆಲಸ ಇದೆ. ನಿಮ್ಮ ಹಾಸ್ಟೆಲಿಗೆ ಹತ್ತಿರದ ಕೊಳಗೇರಿಗೆ ಇಬ್ಬಿಬ್ಬರಾಗಿ ಹೋಗಿ. ಭಾಷಣಕ್ಕಲ್ಲ, ಮನೆ ಎಣಿಸೋದಕ್ಕೆ. ಯಾವ ಮನೆಯಲ್ಲಿ ಯಾರಿದ್ದಾರೆ, ಎಷ್ಟು ವರ್ಷದಿಂದ, ಬಾಡಿಗೆಗೋ ಸ್ವಂತವೋ, ಕರೆಂಟ್ ಬಿಲ್ಲು, ರೇಷನ್ ಕಾರ್ಡು, ಮಕ್ಕಳ ಶಾಲೆ ಯಾವುದು ಅಂತ ಬರೆದುಕೊಳ್ಳಿ. ಬಾಡಿಗೆಯವರನ್ನು ಬಿಡಬೇಡಿ, ಈಜಿಪುರ ಮರೆಯಬೇಡಿ. ಆ ಪುಸ್ತಕದ ಒಂದು ಪ್ರತಿ ಕೇರಿಯ ಹೆಂಗಸರ ಸಂಘದಲ್ಲೇ ಇರಲಿ, ಮುಖಂಡರ ಮನೆಯಲ್ಲಿ ಬೇಡ. ಪಾಲಿಕೆ ತನ್ನ ಪಟ್ಟಿ ಹಿಡಿದು ಬಂದ ದಿನ ಕೇರಿಯ ಹತ್ತಿರ ಕೇರಿಯದೇ ಪಟ್ಟಿ ಇರಬೇಕು. ಆ ಜಾಗ 1973ರ ಕೊಳಗೇರಿ ಕಾಯ್ದೆಯ ಪ್ರಕಾರ ಘೋಷಣೆ ಆಗಿದೆಯಾ ಇಲ್ಲವಾ ಅಂತ ಗೆಜೆಟ್ ಪ್ರತಿ ಹುಡುಕಿ. ಎಷ್ಟೋ ಕಡೆ ಜನಕ್ಕೇ ಇದು ಗೊತ್ತಿಲ್ಲ.

ಆಮೇಲೆ ಮಾಹಿತಿ ಹಕ್ಕಿನ ಅರ್ಜಿ ಹಾಕಿ. ಶೇ. 24.10ರ ಹಣದ ಕಾಮಗಾರಿ ಪಟ್ಟಿ ಒಂದು ಅರ್ಜಿಯಲ್ಲಿ, ಅಳತೆ ಪುಸ್ತಕದ ನಕಲು ಇನ್ನೊಂದರಲ್ಲಿ, ಬಿಲ್ಡರ್ ಜೊತೆಗಿನ ಒಪ್ಪಂದದ ಪ್ರತಿ ಮತ್ತೊಂದರಲ್ಲಿ. ಎಲ್ಲ ಸೇರಿಸಿ ಒಂದೇ ಅರ್ಜಿ ಬರೆಯಬೇಡಿ. ನಮ್ಮ ರಾಜ್ಯದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಅದನ್ನೇ ನೆಪ ಮಾಡಿ ವಾಪಸ್ ಕಳಿಸ್ತಾರೆ. ಶುಲ್ಕ ಹತ್ತು ರೂಪಾಯಿ, ಬಿ.ಪಿ.ಎಲ್. ಕಾರ್ಡಿದ್ದರೆ ಅದೂ ಇಲ್ಲ, ಹಾಗಾಗಿ ಕೇರಿಯವರ ಹೆಸರಲ್ಲೇ ಹಾಕಿಸಿ. ಸ್ವೀಕೃತಿ ತಗೊಳ್ಳದೆ ಬಾಗಿಲು ಬಿಟ್ಟು ಬರಬೇಡಿ. ಮೂವತ್ತು ದಿನಕ್ಕೆ ಉತ್ತರ ಬರದಿದ್ದರೆ ಮೂವತ್ತೊಂದನೇ ದಿನ ಅದೇ ಕಚೇರಿಯಲ್ಲಿ ಮೇಲ್ಮನವಿ. ಬಂದ ಕಾಗದಗಳನ್ನೆಲ್ಲ ಮುಂದಿನ ಸಭೆಗೆ ತನ್ನಿ, ಯಾವ ವಾರ್ಡು, ಯಾವ ಕಾಮಗಾರಿ, ಎಷ್ಟು ರೂಪಾಯಿ ಅಂತ ಈ ಪತ್ರಿಕೆಯಲ್ಲೇ ಅಚ್ಚು ಹಾಕುತ್ತೇವೆ.